ಕರಿಹಳ್ಳದ ಕಾಳಗ: ಗೆದ್ದ ಕುದುರಿ ತಿರುಗಿ ಬರಲಿಲ್ಲ

ಪುಣೆದಾಗ ವಾಕಡದ ನಮ್ಮ ಬಾಡಿಗಿ ಫ್ಲ್ಯಾಟಿನ ಹಾಲ್‌ನ್ಯಾಗ ಹೋದ ತಿಂಗಳ ಒಂದ್ ಐತವಾರ ನಾ ಆರನೇ ನಿಮಿಷಕ್ಕ ಯುದ್ಧ ಗೆದ್ದೆ, ಹದಿನಾಲ್ಕನೇ ನಿಮಿಷಕ್ಕ ಸೋತೆ. ಆ ಹದಿನಾಲ್ಕ್ ನಿಮಿಷ ಆಡೂದಕ್ಕ ನಮಗ ಮೂರೂವರಿ ತಾಸು ಹಿಡೀತು, ನಡುವ ಎರಡ್ ಸಲ ಚಹಾ ಆತು, ಅಕ್ಕ ಒಮ್ಮೆ ಬಂದು "ನೆಲ ಒರಸೂದೈತಿ, ಯಾವಾಗ ಏಳ್ತೀರಿ" ಅಂತ ಕೇಳಿ ಹೋದ್ಲು. ಸೋತಿದ್ದಕ್ಕ ಬ್ಯಾಸರ ಇಲ್ಲ, ಆದ್ರ ಯಾಕ ಸೋತೆ ಅನ್ನೂದಕ್ಕ ಕುಂತವರೆಲ್ಲಾ ಒಂದೊಂದ್ ಕಾರಣ ಹೇಳಿದ್ರು, ನನಗ ಒಂದೂ ಖರೇ ಅನಸವಲ್ದು, ಅದಕ್ಕ ಪೂರಾ ಪ್ರಕರಣ ಬರದಿಡಾಕತ್ತೇನಿ.

ಇದು ನೆಲದ ಮ್ಯಾಲೆ ಕಾಯಿ ಇಟ್ಟು, ದಾಳ ಹಾಕಿ ಆಡೂ ಯುದ್ಧದ ಆಟ. ಮೊದಲ ಅದರ ಲೋಕದ ವಿಚಾರ. ಏಳ್ಕಣಿವಿ ಅನ್ನೂದು ನಾವ ಕಟ್ಟಿದ ಲೋಕ, ಹಳೇ ಕ್ಯಾಲೆಂಡರ್ ಹಿಂದ ನಕಾಶೆ ಬರದೀವಿ, ಏಳ್ ಕಣಿವಿ, ಐದ್ ರಾಜ್ಯ, ಎರಡ್ ನದಿ. ಮದ್ದು ಗುಂಡು ತೋಪು ಇಲ್ಲ, ಯಾಕಂದ್ರ ತೋಪು ಬಂತಂದ್ರ ಕುದುರಿ ಆಟಕ್ಕ ಮಜಾ ಉಳಿಯಂಗಿಲ್ಲ. ಆದ್ರ ಯಾಳಿ ಅದಾವ, ಗುಡಿ ಕಂಬದಾಗ ಕೆತ್ತಿರತಾರಲ್ಲ, ಆ ಸಿಂಹದಂಥಾ ಕಲ್ಪನಾ ಪ್ರಾಣಿ. ಅದು ನನ್ನ ಅಕ್ಕನ ಮಗನ ಹಟ. ಹಂಪಿ ವಿಠ್ಠಲ ಗುಡಿ ಕಂಬದಾಗ ಯಾಳಿ ನೋಡಿ "ಮಾಮಾ, ಇವು ಖರೇ ಇದ್ದಿದ್ರ ಕುದುರಿ ಎದುರ ನಿಲ್ತಿದ್ವೇನು" ಅಂತ ಕೇಳಿದ್ದ, ಅವಂಗ ಹದಿಮೂರ್ ವರ್ಷ, ಆ ಪ್ರಶ್ನೆನ ನನ್ನ ಸೋಲಿನ ಅರ್ಧ ಕಾರಣ.

ಆಡಾವ್ರು ನಾಲ್ಕ್ ಮಂದಿ. ನಾ ಹುಬ್ಬಳ್ಳಿಯಂವ, ಹೊನ್ನಗಡದ ಕುದುರಿ ಸೈನ್ಯ ನಂದು. ಮ್ಯಾಲಿನ ಮಜಲಿನ ಕಲಬುರ್ಗಿ ಕಾಕಾ, ರಿಟೈರ್ ಆದವರು, ನಮ್ಮ ಕಡೆ ಕಾಲಾಳು ಅವರ ಕೈಯಾಗ. ಎದುರಿಗೆ ಕಾರಗುಡ್ಡ, ಅದು ಅಳಿಯಂದು. ಸೊಲ್ಲಾಪುರದ ದೋಸ್ತ ಒಬ್ಬಂವ ಪಂಚ, ಅವನ ಮಾತ ಕಾಯ್ದೆ.

ಸಾಮಾನು ಮನ್ಯಾಗಿಂದ. ಒಂದ್ ಹುಣಸೀ ಬೀಜ ಅಂದ್ರ ನಮ್ಮ ಐವತ್ತ್ ಕುದುರಿ, ನನ್ನ ಹತ್ರ 24 ಬೀಜ, ಅಂದ್ರ 1200 ಸವಾರರು. ಅಳಿಯಂದು 12 ಕಡ್ಲಿಕಾಳು, 600 ಸವಾರರು. ಕಾಲಾಳಿಗೆ ಕೇರಂ ಕಾಯಿ, ಕರೀವು ಒಂಬತ್ತು ನಮ್ದು, ಬಿಳೀವು ಒಂಬತ್ತು ಅವಂದು, ಒಂದೊಂದಕ್ಕ 300 ಮಂದಿ. ಯಾಳಿಗೆ ನಾಲ್ಕ್ ಅಡಿಕಿ, ಒಂದೊಂದ್ರಾಗ 25 ಯಾಳಿ. ಕೆಂಪು ಕಾಯಿ ಒಂದ ಇರತೈತಲ್ಲ, ಅದು ಅವನ ಸಾಮಾನಿನ ಬಿಡಾರ: ದವಸ, ಡೇರೆ, ಖಜಾನಿ ಎಲ್ಲಾ. ಆ ಕೆಂಪು ಕಾಯಿನ್ನ ನೆನಪಿಡ್ರಿ.

ನೆಲಾನ ರಣರಂಗ. ಫರ್ಶಿ ಎರಡ್ ಫೂಟಿನವು, ಒಂದ್ ಫರ್ಶಿ ಅಂದ್ರ 200 ಮೀಟರ್, ಹಾಲ್ ಉದ್ದಕ್ಕ ಏಳ್ ಫರ್ಶಿ. ಒಂದ್ ಸರದಿ ಒಂದ್ ನಿಮಿಷ. ಇದರಾಗ ಲೆಕ್ಕ ಚಂದ ಕೂಡತೈತಿ ನೋಡ್ರಿ, ಕುದುರಿ ಸುಮ್ನ ನಡದ್ರ ತಾಸಿಗೆ ಆರ್ ಕಿಲೋಮೀಟರ್, ಅಂದ್ರ ನಿಮಿಷಕ್ಕ ಅರ್ಧ ಫರ್ಶಿ. ಟ್ರಾಟ್‌ಗೆ (ಜಿಗಿಜಿಗಿದು ನಡಿಯೂದು) ಒಂದ್ ಫರ್ಶಿ ಚಿಲ್ಲರ. ಕ್ಯಾಂಟರ್‌ಗೆ (ಹಗುರ ಓಟ) ಒಂದೂವರಿ. ಪೂರಾ ಕಿತ್ತುಕೊಂಡ್ ಓಡಿದ್ರ, ಅಂದ್ರ ಗ್ಯಾಲಪ್, ತಾಸಿಗೆ 40 ಕಿಲೋಮೀಟರ್, ಮೂರ್ ಫರ್ಶಿಕಿಂತ ಜಾಸ್ತಿ, ಆದ್ರ ಎಷ್ಟೊತ್ತು? ಅದಕ್ಕ ಪಂಚ ದಮ್ಮಿನ ಲೆಕ್ಕ ಇಟ್ಟಾನ. ಪ್ರತಿ ಗುಂಪಿಗೆ ಆರ್ ದಮ್ಮು. ನಡಿಗಿ, ಟ್ರಾಟ್ ಪುಕ್ಕಟ, ಕ್ಯಾಂಟರ್ ಮಾಡಿದ ಸರದಿಗೆ ಒಂದು, ಕೈ ಕೈ ಮಿಲಾಯಿಸಿದ್ರ ಒಂದು, ಗ್ಯಾಲಪ್‌ಗೆ ಮೂರು. ಕಡೀಕ ಐವತ್ತ್ ಮೀಟರ್ ಅಷ್ಟ ಗ್ಯಾಲಪ್ ಮಾಡಿದ್ರ ಒಂದ ದಮ್ಮು. ಇದು ನಮ್ಮ ಕಲ್ಪನಾ ಅಲ್ಲ, ಯುರೋಪಿನ ಕುದುರಿ ಪಲ್ಟನ್‌ಗಳ ಕವಾಯತು ಹಿಂಗ ಇತ್ತು, ನಡಿಗಿಯಿಂದ ಶುರು, ಪೂರಾ ಓಟ ಕಡೀಕಿನ ಸ್ವಲ್ಪ ದೂರಕ್ಕ ಮಾತ್ರ. ಇಂಗ್ಲೆಂಡಿನ ಅಂತರ್ಯುದ್ಧದಾಗ ರಾಜನ ವಿರುದ್ಧ ಕಾದಿದ ಕ್ರಾಮ್‌ವೆಲ್‌ನ ಸವಾರರಂತೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಟ್ರಾಟ್‌ನ್ಯಾಗ ಹೋಗಿ ಗುದ್ದತಿದ್ರು. ಸಿನಿಮಾದಾಗ ಒಂದ್ ಮೈಲಿಯಿಂದ ಕೂಗ್ಕೋತ ಓಡಿ ಬರೂದು ತೋರಸ್ತಾರ, ಹಂಗ ಬಂದ ಕುದುರಿ ಮುಟ್ಟೂದ್ರಾಗ ಅರ್ಧ ಸತ್ತಿರತೈತಿ.

ಈಗ ನೀರು. ಕಾಳಗ ಕರಿಹಳ್ಳದಾಗ ಯಾಕಾತು ಅಂದ್ರ ಅಲ್ಲಿ ನೀರಿತ್ತು, ಅಷ್ಟ. ಒಂದ್ ಕುದುರಿ ದಿನಕ್ಕ ಸುಮಾರ 30 ಲೀಟರ್ ಕುಡಿತೈತಿ, ಬ್ಯಾಸಗಿ, ದುಡಿತ ಇದ್ರ ಇನ್ನೂ ಜಾಸ್ತಿ. 1200 ಕುದುರಿಗೆ 36,000 ಲೀಟರ್. ವಾಕಡದಾಗ ಇರಾವ್ರಿಗೆ ಇದು ಲಗೂನ ತಿಳಿತೈತಿ, ಸೊಸೈಟಿಗೆ ಬರೂ ಹತ್ತ್ ಸಾವಿರದ ಟ್ಯಾಂಕರ್ ಮೂರೂವರಿ, ದಿನಾ, ಬರೇ ಕುದುರಿಗೆ. ಮ್ಯಾಲೆ ಒಂದೊಂದಕ್ಕ ಹತ್ತ್ ಕಿಲೋ ಮೇವು ಅಂದ್ರ 12 ಟನ್. ಲೋಕ ಕಟ್ಟಾವ್ರು ಕತ್ತಿ ಹೆಸರು, ರಾಜನ ವಂಶ, ಮಂತ್ರ ತಂತ್ರ ಎಲ್ಲಾ ಪುಟಗಟ್ಲೆ ಬರೀತಾರ, ಹುಲ್ಲು ಎಲ್ಲಿಂದ ಬಂತು ಅಂತ ಒಬ್ರೂ ಬರಿಯಂಗಿಲ್ಲ. ಪುಣೆದಾಗ ಕುಂತು ಕುದುರಿ ಮಾತಾಡಿದ್ರ ಪಾನಿಪತ್ ಬರದ ಇರಂಗಿಲ್ಲ, 1761ರ ಜನವರಿ 14ಕ್ಕ ಭಾವೂ ಸಾಹೇಬರ ಮರಾಠಾ ಸೈನ್ಯ ಹೊರಗ ಬಿದ್ದಾಗ ಮಂದಿನೂ ಉಪಾಸ, ಕುದುರಿನೂ ಉಪಾಸ. ಅದಕ್ಕೂ ಮೊದಲ, 1728ರಾಗ ಪಾಲಖೇಡದಾಗ ಪೇಶ್ವೆ ಬಾಜೀರಾಯರು ನಿಜಾಮನ್ನ ಕಟ್ಟಿಹಾಕಿದ್ದು ದೊಡ್ಡ ಕಾಳಗ ಮಾಡಿ ಅಲ್ಲ, ತಿರುಗಿಸಿ ತಿರುಗಿಸಿ ನೀರು ದವಸ ಸಿಗಲಾರದ ಜಾಗಕ್ಕ ತಂದು ನಿಲ್ಲಿಸಿ.

ಇನ್ನೊಂದ್ ಕಾಯ್ದೆ ಮರಾಠಾ ಸೈನ್ಯದಿಂದ ಎತ್ತಿದ್ದು. ಬಾರ್ಗೀರ ಅಂದ್ರ ಸರ್ಕಾರಿ ಕುದುರಿ ಮ್ಯಾಲೆ ಕೂಡಾಂವ. ಶಿಲೇದಾರ ಅಂದ್ರ ತನ್ನ ಕುದುರಿ, ತನ್ನ ಹತ್ಯಾರ ತಾನ ತಂದಾಂವ. ಬಾರ್ಗೀರನ ಕುದುರಿ ಸತ್ರ ಸರ್ಕಾರಕ್ಕ ಲುಕ್ಸಾನು, ಶಿಲೇದಾರನ ಕುದುರಿ ಸತ್ರ ಅವನ ಮನಿ ಮುಳಗ್ತೈತಿ. ಕ್ಯಾಬ್ ಕಂಪನಿ ಗಾಡಿ ಓಡಸಾಂವಂಗೂ ಸಾಲ ಮಾಡಿ ಸ್ವಂತ ಗಾಡಿ ತಗೊಂಡಾಂವಂಗೂ ಇರೂ ಫರಕು. ನನ್ನ 24 ಬೀಜದಾಗ 14 ಬಾರ್ಗೀರು, 10 ಶಿಲೇದಾರು.

ನನ್ನ ಪ್ಲ್ಯಾನ್ ಸರಳ ಇತ್ತು. ಕಾಕಾ ನಡುವ ಹಳ್ಳದ ದಂಡಿಗೆ (ಅಕ್ಕನ ನೀಲಿ ಓಢಣಿ) ಕಾಲಾಳು ಹಿಡ್ಕೊಂಡ್ ನಿಲ್ಲೂದು, ನಾ ಬಲಗಡೆಯಿಂದ ಎಲ್ಲಾ ಕುದುರಿ ತಗೊಂಡು ಅಳಿಯನ ಎಡ ಮಗ್ಗಲು ಮುರಿಯೂದು, ಆಮ್ಯಾಲೆ ಎಡಕ್ಕ ಹೊಳ್ಳಿ ಅವನ ಕಾಲಾಳಿನ ಬೆನ್ನಿಗೆ ಬೀಳೂದು. ಮುಂದ ನಾಲ್ಕ್ ಬೀಜ ಮೂರ್ ಮೂಲಿ ವ್ಯೂಹ ಮಾಡಿ, ಹಿಂದ ಉಳಿದವು ಸಾಲಾಗಿ.

ಈ ಮೂರ್ ಮೂಲಿ ವ್ಯೂಹದ ಬಗ್ಗೆ ಭಾಳ ಮಂದಿಗೆ ಒಂದ್ ತಪ್ಪ ತಿಳುವಳಿಕಿ ಐತಿ, ಮೊಳಿ ಹೊಡದಂಗ ಒಳಗ ನುಗ್ಗತೈತಿ, ಹಿಂದಿನ ಕುದುರಿ ಮುಂದಿನ ಕುದುರಿನ್ನ ದೂಕತೈತಿ ಅಂತ. ಕುದುರಿ ಹಿಂದಿಂದ ದೂಕಂಗಿಲ್ಲರಿ, ದೂಕಿದ್ರ ಮುಂದಿಂದು ಎಡವಿ ಬೀಳತೈತಿ. ಸಾಲಿಗೆ 1, 3, 5 ಅಂತ ಏರಿಸ್ಕೋತ ಹೋದ್ರ 14 ಸಾಲಿಗೆ 196 ಸವಾರರು, ಕಡೀ ಸಾಲಿನ್ಯಾಗ 27 ಮಂದಿ. ಎಲ್ಲಾರ ಕಣ್ಣು ಮೊನಿಮ್ಯಾಲಿನ ಒಬ್ಬನ ಮ್ಯಾಲೆ, ಅಂವ ಹೊಳ್ಳಿದ ಕಡೆ ಎಲ್ಲಾರೂ ಹೊಳ್ಳತಾರ. ಮಜಾ ಇರೂದು ಅಲ್ಲಿ, ತಿರುಗಿಸೂದು ಸುಲಭ. ಮ್ಯಾಸಿಡೋನಿಯಾದ ಫಿಲಿಪ್ ಇದನ್ನ ಥ್ರೇಸಿನವರ ಕಡಿಂದ ಕಲ್ತ ಅಂತಾರ, ಗ್ರೀಕ್ ಬರಹಗಾರರು ಕೊಕ್ಕರಿ ಹಿಂಡು ಹಾರಿದಂಗ ಅಂತ ಹೋಲಸ್ಯಾರ. ನಮ್ಮ ಮಹಾಭಾರತದಾಗೂ ಕ್ರೌಂಚವ್ಯೂಹ ಐತೆಲ್ಲ ಅಂತ ಕಾಕಾ ನೆನಪ ಮಾಡಿದ್ರು, ಎರಡಕ್ಕೂ ಸಂಬಂಧ ಐತಿ ಅಂತ ನಾ ಹೇಳಂಗಿಲ್ಲ, ಆದ್ರ ಅಳಿಯಂಗ ಭಾಳ ಖುಷಿ ಆತು.

ಸರಿ, ಕಾಳಗ. ಎರಡೂ ಕಡೆ ನಡುವ ನಾಲ್ಕೂವರಿ ಫರ್ಶಿ. ಒಂದನೇ ಎರಡನೇ ಸರದಿ ನಡಿಗಿ, ಮೂರನೇದು ಟ್ರಾಟ್, ನಾಲ್ಕನೇದು ಕ್ಯಾಂಟರ್. ಐದನೇ ಸರದಿಗೆ ಇನ್ನೂ ಒಂದ್ ಫರ್ಶಿ ಉಳದಿತ್ತು, 200 ಮೀಟರ್, ನಂಗ ತಡಕೊಳ್ಳಾಕ ಆಗಲಿಲ್ಲ, ಗ್ಯಾಲಪ್ ಅಂದೆ. ಪಂಚ ಮೂರ್ ದಮ್ಮು ಕಳದ. "ಲೇ ತಮ್ಮಾ, ಯಾಕಷ್ಟು ಅವಸರ" ಅಂದ್ರು ಕಾಕಾ. ಆರನೇ ಸರದಿಗೆ ಗುದ್ದಿದೆ, 12 ಕಡ್ಲಿಯೊಳಗ ಐದು ಹೋದ್ವು, ಉಳಿದ ಏಳು ಕಾಲಿಗೆ ಬುದ್ಧಿ ಹೇಳಿದ್ವು. ನಂದು ಬರೇ ಎರಡ್ ಬೀಜ ಹೋತು, ಎರಡೂ ಬಾರ್ಗೀರಂದು. ನಾ ಎದ್ದು ನಿಂತು ಕುಣದೆ, ಖರೇ ಹೇಳ್ಬೇಕಂದ್ರ.

ಏಳನೇ ಸರದಿ. ಇಲ್ಲೇ ಸ್ವಲ್ಪ ನಿಲ್ಲೂಣು, ಯಾಕಂದ್ರ ಸೋತಿದ್ದು ಇಲ್ಲೇ. ಗೆದ್ದ ಕುದುರಿನ್ನ ನಿಲ್ಲಿಸಿ ಸಾಲು ಕಟ್ಟಬೇಕಂದ್ರ ಲೂಡೋ ದಾಳ ಹಾಕಬೇಕು, ಬಾರ್ಗೀರಿಗೆ ಮೂರು ಅಥವಾ ಮ್ಯಾಲೆ ಬೀಳಬೇಕು, ಶಿಲೇದಾರರಿಗೆ ಐದು. ಬಾರ್ಗೀರರ ಎರಡ್ ಗುಂಪು, ಆರಾರ್ ಬೀಜದವು. ಒಂದಕ್ಕ ನಾಲ್ಕ್ ಬಿತ್ತು, ನಿಂತ್ರು. ಇನ್ನೊಂದಕ್ಕ ಎರಡು. ಶಿಲೇದಾರರ ಎರಡ್ ಗುಂಪಿಗೂ ಮೂರು, ಒಂದು. ಅಂದ್ರ 22 ಬೀಜದಾಗ 16 ಬೀಜ ಅಡಗಿಮನಿ ಬಾಗಿಲಾಗಿನ ಕೆಂಪು ಕಾಯಿ ಕಡೆ ಹೊಂಟ್ವು. ಒಂದೂವರಿ ಫರ್ಶಿ ದೂರ, ಕಣ್ಣಿಗೆ ಕಾಣತೈತಿ, ಖಜಾನಿ, ದವಸ, ತಡ್ಯಾವ್ರ ಇಲ್ಲ. ಪಂಚ ಆ ಬೀಜ ಒಂದೊಂದ ಎತ್ತಿ ಕೆಂಪು ಕಾಯಿ ಸುತ್ತ ಇರುವಿ ಸಕ್ಕರಿಗೆ ಮುಕರಿದಂಗ ಇಟ್ಟ. ನನ್ನ ಕೈಯಾಗ ಉಳದಿದ್ದು ಆರ್ ಬೀಜ, 300 ಕುದುರಿ, ಆರ್ ದಮ್ಮಿನ್ಯಾಗ ಒಂದ ದಮ್ಮು.

ಎಂಟನೇ ಸರದಿಗೆ ಸೋಫಾದ ಹಿಂದಿಂದ (ಅದು ಗುಡ್ಡ) ಅಡಿಕಿ ಹೊರಗ ಬಂದ್ವು. ಯಾಳಿ ಓಟದಾಗ ಕುದುರಿಕಿಂತ ಕಮ್ಮಿ, ಆದ್ರ ಓಡೂ ಜರೂರ ಇರಲಿಲ್ಲ, ನನ್ನ ಆರ್ ಬೀಜಕ್ಕೂ ಅವನ ಕಾಲಾಳಿಗೂ ನಡುವ ಬಂದು ನಿಂತ್ವು ಅಷ್ಟ. ಅರ್ಧ ಫರ್ಶಿಯೊಳಗ ಯಾಳಿ ಇದ್ರ ಕುದುರಿ ಅಂಜಿಕಿ ದಾಳ ಹಾಕಬೇಕು. ಬಿತ್ತು ಒಂದು. ಹಿಂದ ಸರದ್ವು, ಹಿಂದ ಏನಿತ್ತಂದ್ರ ಹಳ್ಳದ ದಂಡಿ ಎರಿ ಹೊಲ, ನಾವು ಪೇಪರ್ ಹಾಸಿ ಗುರ್ತು ಮಾಡಿದ್ವಿ, ಮಳಿ ಆಗಿತ್ತು ಅಂತ ಮೊದಲ ಒಪ್ಪಿದ್ವಿ. ಎರಿ ಮಣ್ಣು ಮಳಿ ಆದ್ಮ್ಯಾಲೆ ಹೆಂಗಿರತೈತಿ ಅಂತ ಧಾರವಾಡ ಕಡಿಯವ್ರಿಗೆ ಹೇಳಬೇಕಾಗಿಲ್ಲ, ಚಪ್ಪಲ್ ಅಲ್ಲೇ ಉಳಿತೈತಿ ಕಾಲು ಮುಂದ ಹೋಗತೈತಿ. ಹತ್ತನೇ ಸರದಿಗೆ ಓಡಿಹೋದ ಏಳ್ ಕಡ್ಲಿ ತಿರುಗಿ ಬಂದ್ವು. ಹನ್ನೆರಡಕ್ಕ ನಂದು ಒಂದ ಬೀಜ. ಕಾಕಾ ಕಾಲಾಳು ದುಂಡಗ ನಿಲ್ಲಿಸಿ ಈಟಿ ಹೊರಗ ಮಾಡಿ ಇನ್ನೆರಡ್ ನಿಮಿಷ ಹಿಡದ್ರು, ಆಮ್ಯಾಲೆ "ಸಾಕಪ್ಪಾ, ಚಹಾ ತರಸು" ಅಂದ್ರು.

ಆ ಏಳ್ ಕಡ್ಲಿ ಬೇಕಂತ ಓಡಿದ್ವೋ ಖರೇನ ಸೋತು ಓಡಿದ್ವೋ ಅಂತ ಅಳಿಯನ್ನ ಕೇಳಿದೆ. "ಅರ್ಧ ಓಡ್ಸಿದ್ದು, ಅರ್ಧ ಓಡಿದ್ದು ಮಾಮಾ" ಅಂದ. ಪ್ರಾಮಾಣಿಕ ಉತ್ತರ. 1066ರಾಗ ಇಂಗ್ಲೆಂಡಿನ ಹೇಸ್ಟಿಂಗ್ಸ್ ಕಾಳಗದಾಗ ನಾರ್ಮನ್ ಕುದುರಿಗಳು ಹಿಂದ ಸರದಿದ್ದೂ ನಾಟಕಾನೋ ಖರೇನೋ ಅಂತ ಇತಿಹಾಸಕಾರರು ಇನ್ನೂ ಜಗಳಾಡ್ತಾರ.

ಈಗ ಕಾರಣಗಳು. ಕಾಕಾ ಅಂದ್ರು, ವ್ಯೂಹ ತಪ್ಪು, ಅಗಲ ಸಾಲು ಮಾಡಬೇಕಿತ್ತು. ಒಪ್ಪಂಗಿಲ್ಲ, ವ್ಯೂಹ ತನ್ನ ಕೆಲಸ ಮಾಡೇತಿ, ಆರನೇ ನಿಮಿಷಕ್ಕ ಎಡ ಮಗ್ಗಲು ಮುರದೈತಿ. ಪಂಚ ಅಂದ, ಎರಿ ಹೊಲ. 1415ರಾಗ ಅಜಿನ್‌ಕೋರ್ಟ್‌ನ್ಯಾಗ ಫ್ರೆಂಚರು ಮಳಿ ಬಿದ್ದ ಹೊಸಾ ಉಳುಮಿ ಹೊಲದಾಗ ಸಿಕ್ಕಿಬಿದ್ದದ್ದು ಖರೆ, ಆದ್ರ ನಾ ಹೊಲಕ್ಕ ಹೋಗಿದ್ದು ಸೋತಮ್ಯಾಲೆ, ಸೋಲಾಕ ಮೊದಲ ಅಲ್ಲ.

ಅಳಿಯ ಅಂದ, ಯಾಳಿ. ಇದಕ್ಕ ಸ್ವಲ್ಪ ತೂಕ ಕೊಡ್ತೀನಿ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರದಾನ, ಪರ್ಷಿಯಾದ ಸೈರಸ್ ಲಿಡಿಯಾದ ಕ್ರೀಸಸ್ ಮ್ಯಾಲೆ ಹೋದಾಗ ಮುಂದ ಒಂಟಿ ನಿಲ್ಲಿಸಿದ, ಲಿಡಿಯಾದ ಕುದುರಿ ಒಂಟಿ ವಾಸನಿಗೆ ಹಿಂದ ತಿರುಗಿದ್ವು, ಸವಾರರು ಇಳದು ಕಾಲಾಳಾಗಿ ಕಾದಿದ್ರು. ಪುಸ್ತಕದ ಮಾತು ಬಿಡ್ರಿ, ಹೋದ ವರ್ಷ ಪಿಂಪರಿ ಕಡೆ ಒಂದ್ ಮದುವಿ ಮೆರವಣಿಗ್ಯಾಗ ನಾ ಕಣ್ಣಾರೆ ನೋಡೀನಿ. ಬಿಳಿ ಹೆಣ್ಣ ಕುದುರಿ, ಎದುರಿಗೆ ಢೋಲ್ ತಾಶಾ, ಪಟಾಕಿ, ಡಿಜೆ, ಅದಕ್ಕ ಏನೂ ಇಲ್ಲ, ಕಿವಿ ಸೈತ ಅಲ್ಲಾಡ್ಸಲಿಲ್ಲ. ಅರ್ಧ ಕಟ್ಟಿದ ಬಿಲ್ಡಿಂಗಿನ ಮುಂದ ನೀಲಿ ತಾಡಪತ್ರಿ ಗಾಳಿಗೆ ಪಟಪಟ ಅಂತು, ನಾಲ್ಕೂ ಕಾಲು ನೆಲಕ್ಕ ಊರಿ ನಿಂತಬಿಡ್ತು, ಮೂಗಿನ ಹೊಳ್ಳಿ ಅರಳಿಸಿ ಹುಸ್ ಅಂತೈತಿ. ವರ ಮ್ಯಾಲೆ ಕುಂತು ಲಗಾಮ ಜಗ್ಗಿದ್ರ ಇನ್ನೂ ಹಿಂದ ಸರೀತು. ಕುದುರಿಯಂವ ಬಂದು ಮುಖ ಬಾಜೂಕ ತಿರುಗಿಸಿ, ಓರೆ ನಡಿಸ್ಕೋತ ಹೋಗಿ, ತಾಡಪತ್ರಿ ಮೂಸಿ ನೋಡಾಕ ಬಿಟ್ಟ, ಆಮ್ಯಾಲೆ ಹೋತು. ಸಪ್ಪಳ ಅದಕ್ಕ ರೂಢಿ, ತಾಡಪತ್ರಿ ಹೊಸಾದು. ಹಂಗಾಗಿ ನಮ್ಮ ಲೋಕದಾಗೂ ಯಾಳಿ ಜೋಡಿ ಒಂದ ಲಾಯದಾಗ ಬೆಳದ ಕುದುರಿಗೆ ಅಂಜಿಕಿ ದಾಳ ಇಲ್ಲ, ನನ್ನವು ಬಯಲಸೀಮಿ ಕುದುರಿ, ಯಾಳಿ ಕಂಡಾವ ಅಲ್ಲ. ಆದ್ರೂ ಯಾಳಿ ತಡದಿದ್ದು 300 ಕುದುರಿನ್ನ. ಕೈಯಾಗ 1100 ಇದ್ದಿದ್ರ ಅರ್ಧ ಅಲ್ಲಿ ಬಿಟ್ಟು ಅರ್ಧ ಸುತ್ತು ಹಾಕಿ ಹೋಗ್ತಿದ್ದೆ, ನಾಲ್ಕ್ ಅಡಿಕಿ ಎಷ್ಟ ಕಡೆ ನಿಂತಾವು?

ನನ್ನ ಮಾತೇನಂದ್ರ, ದಾಳಿ ಚಲೋ ಇತ್ತು, ಹೊಳ್ಳೂ ಏರ್ಪಾಡ ಇರಲಿಲ್ಲ. ಇಂಗ್ಲೆಂಡಿನ ಅದ ಅಂತರ್ಯುದ್ಧದ 1645ರ ನೇಸ್ಬಿ ಕಾಳಗ ನನ್ನ ಹಾಲ್‌ನ್ಯಾಗ ಆದಂಗ ಆಗೇತಿ: ರಾಜನ ಕಡಿ ರೂಪರ್ಟ್ ಒಂದ್ ಮಗ್ಗಲು ಮುರದು ಓಡಿಸ್ಕೋತ ಸಾಮಾನಿನ ಗಾಡಿತನಕ ಹೋದ, ಆ ಕಡೆ ಕ್ರಾಮ್‌ವೆಲ್ ತನ್ನ ಎದುರಿನವರನ್ನ ಮುರದ ಮ್ಯಾಲೆ ಸ್ವಲ್ಪ ಮಂದಿನ್ನ ಬೆನ್ನಟ್ಟಾಕ ಬಿಟ್ಟು ಉಳಿದವರನ್ನ ರಾಜನ ಕಾಲಾಳಿನ ಮ್ಯಾಲೆ ತಿರುಗಿಸಿದ. ರೂಪರ್ಟ್ ವಾಪಸ್ ಬರೂದ್ರಾಗ ಮುಗದಿತ್ತು. ಕ್ರಿ.ಪೂ. 331ರ ಗೌಗಮೇಲಾದಾಗ ಅಲೆಕ್ಸಾಂಡರನ ಕುದುರಿ ಸಂದಿಯೊಳಗ ನುಗ್ಗಿದ್ದನ್ನ ಎಲ್ಲಾರೂ ಹೇಳತಾರ, ಆದ್ರ ಪರ್ಷಿಯಾದ ದೊರಿ ದಾರಾ ಕಣ್ಣೆದುರ ಓಡಾಕತ್ತಾಗ ಬೆನ್ನಟ್ಟೂದು ಬಿಟ್ಟು, ಎಡಕ್ಕ ತನ್ನ ಸೇನಾಪತಿ ಪಾರ್ಮೇನಿಯನ್ ಸಂಕಟದಾಗ ಇದ್ದಾನ ಅಂತ ತಿರುಗಿದ್ದು ಗ್ರೀಕ್ ಇತಿಹಾಸಕಾರ ಆರಿಯನ್‌ನ ಬರಹದಾಗ ಐತಿ, ಅದನ್ನ ಯಾರೂ ಹೇಳಂಗಿಲ್ಲ. ಪಾನಿಪತ್ತಿನ್ಯಾಗೂ ಮಧ್ಯಾಹ್ನದ ಮ್ಯಾಲೆ ಎದುರಿನ ಅಫ್ಘಾನ್ ದೊರಿ ಅಬ್ದಾಲಿ ಕಾಯ್ದಿಟ್ಟ ತಾಜಾ ಮಂದಿ ಬಂದ್ರು, ಮರಾಠರ ಕಡೆ ಕಾಯ್ದಿಟ್ಟವ್ರು ಇರಲಿಲ್ಲ.

ನಾ ಮಾಡಿದ ಎಡವಟ್ಟು ಮೂರು. ಎಲ್ಲಾ 24 ಬೀಜ ಒಮ್ಮೆಲೆ ಬಿಟ್ಟೆ, ಒಂದೂ ಹಿಂದ ಇಡಲಿಲ್ಲ. 200 ಮೀಟರ್ ಗ್ಯಾಲಪ್ ಮಾಡಿ ಎರಡ್ ದಮ್ಮು ಸುಮ್ನ ಸುಟ್ಟೆ. ಮೂರನೇದು, ನನ್ನ ಲೆಕ್ಕದಾಗ ದೊಡ್ಡದು, ಶಿಲೇದಾರರನ್ನ ಲೂಟಿ ಕಾಣೂ ಜಾಗಕ್ಕ ಒಯ್ದೆ. ಅವರನ್ನ ಬೈದು ಉಪಯೋಗ ಇಲ್ಲ. ಕುದುರಿ ಅವರದು, ಮೇವಿನ ಖರ್ಚು ಅವರದು, ಯಾಳಿ ಎದುರ ಹೋಗಿ ಕುದುರಿ ಸತ್ರ ನಾ ಕೊಡಾಂವ ಅಲ್ಲ, ಕೆಂಪು ಕಾಯಿ ಬಿಟ್ಟು ಯಾಕ ಬರ್ತಾರ?

ಇದನ್ನ ಮಾತಾಡ್ಕೋತ ಕುಂತಾಗ ನಂಗ ನೂನಿಜ್ ನೆನಪಾದ, ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ್ ಕುದುರಿ ವ್ಯಾಪಾರಿ. 1510ರಾಗ ಅಲ್ಬುಕರ್ಕ್ ಗೋವಾ ಹಿಡದಮ್ಯಾಲೆ ಅರಬಿ ಕುದುರಿ ವ್ಯಾಪಾರ ಪೋರ್ಚುಗೀಸರ ಮುಷ್ಟಿಗೆ ಬಂತು. ವಿಜಯನಗರದ ರಾಯರು ವರ್ಷಕ್ಕ 13,000 ಕುದುರಿ ಕೊಳ್ತಿದ್ರು ಅಂತ ನೂನಿಜ್‌ನ ಲೆಕ್ಕ. ಅದಕ್ಕೂ ಹಿಂದಿನ ಸಾಳುವ ನರಸಿಂಹನ ಬಗ್ಗೆ ಒಂದ್ ಮಾತ ಬರದಾನ, ಹಡಗಿನ್ಯಾಗ ಸತ್ತ ಕುದುರಿಗೂ ರಾಜ ರೊಕ್ಕ ಕೊಡ್ತಿದ್ದ, ವ್ಯಾಪಾರಿ ಬಾಲ ತಂದು ತೋರಿಸಿದ್ರ ಸಾಕಿತ್ತು. ಪಂಚ ಕೇಳಿದಾವ್ನ ತೊಡಿ ತಟ್ಟಿ ನಕ್ಕ, ಹೊಸಾ ಕಾಯ್ದೆ ಬರದ: ಯಾವ ರಾಜ್ಯ ಸತ್ತ ಕುದುರಿಗೆ ಬಾಲ ನೋಡಿ ರೊಕ್ಕ ಕೊಡ್ತೀನಿ ಅಂತ ಮೊದಲ ಸಾರತೈತಿ, ಆ ರಾಜ್ಯದ ಶಿಲೇದಾರರಿಗೆ ದಾಳದಾಗ ಐದರ ಬದಲಿ ನಾಲ್ಕ್ ಬಿದ್ರ ಸಾಕು. ಬಾಲಕ್ಕ ಕರಿ ದಾರದ ತುಂಡು.

ಮುಂದಿನ ಐತವಾರ ಅದ ಕಾಳಗ ಮತ್ತ ಇಟ್ವಿ. ಎಂಟ್ ಬೀಜ ಬಾರ್ಗೀರರನ್ನ ಕಾಕಾನ ಹಿಂದ ಬಚ್ಚಿಟ್ಟೆ, ಶಿಲೇದಾರರನ್ನ ಹೊರ ಮಗ್ಗಲಿಗೆ ಕಳಿಸಿ ಗುದ್ದಬ್ಯಾಡ್ರಿ ಬರೇ ಕಾಡ್ರಿ ಅಂದೆ, ಗ್ಯಾಲಪ್ ಕಡೀಕ ಕಾಲ್ ಫರ್ಶಿ ಮಾತ್ರ. ಅಳಿಯ ನನ್ನ ಎಂಟ್ ಬೀಜ ನೋಡಿ ಯಾಳಿ ಹೊರಗ ತಗೀಲಿಲ್ಲ, ನಾ ಯಾಳಿ ನೆನಸಿ ಎಂಟ್ ಬೀಜ ಅಲ್ಲಾಡ್ಸಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ನೋಡ್ಕೋತ ಕುಂತ್ವಿ, ಕತ್ತಲಾತು ಅಂತ ಪಂಚ ಸಾರಿದ, ಅಳಿಯ ಬಿಡಾರ ಕಟ್ಕೊಂಡು ಹೋದ. ಸಮ ಸಮ. ಇದು ನನ್ನ ವಾದಕ್ಕ ಪುರಾವೆ ಅಂತ ಹೇಳೂದಿಲ್ಲ, ಇಬ್ಬರಿಗೂ ಹಿಂದಿನ ವಾರದ್ದು ಗೊತ್ತಿತ್ತು, ಕಾಕಾನಂತೂ "ಇದೇನ್ ಯುದ್ಧಲೇ, ಸೊಸೈಟಿ ಮೀಟಿಂಗ್ ಆದಂಗ ಆತು" ಅಂದ್ರು.

ಆಮ್ಯಾಲೆ ಲೆಕ್ಕ. ಅಳಿಯನೂ ಬಾಲದ ಸಾರೋಣ ಮಾಡಿದ್ದ, ಅವಂದು ಸತ್ತಿದ್ದು ಮೂರ್ ಕಡ್ಲಿ, ಖಜಾನಿಂದ ರೊಕ್ಕ ಕೇಳಾಕ ಇಟ್ಟಿದ್ದು ನಾಲ್ಕ್ ದಾರ. ಪಂಚ ಎರಡ್ ಸಲ ಎಣಿಸಿ ಚಷ್ಮಾ ಮ್ಯಾಲೆ ಏರಿಸಿ ಕೇಳಿದ, "ಏನೋ, ನಿಮ್ಮ ಕಾರಗುಡ್ಡದ ಕುದುರಿಗೆ ಎರಡೆರಡ್ ಬಾಲೇನು?"

"ಒಂದು ಹಡಗಿನ್ಯಾಗ ಸತ್ತಿದ್ದು ಸರ್" ಅಂದ ಅಳಿಯ. ಏಳ್ಕಣಿವಿಗೆ ಸಮುದ್ರನ ಇಲ್ಲ.